ಬಾಡಿಗೆ ಗೋಡೆಯ ಮೇಲೊಂದು ಟೀವಿ

ಕತ್ತರಿ ಹುಡುಕಲು ಹೋದವಳ ಕೈಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕವರು. ಒಳಗೆ ಉದ್ದ, ಗಿಡ್ಡ, ದಪ್ಪ, ಸಣ್ಣ ಹೀಗೆ ನಾನಾ ಗಾತ್ರದ ಸ್ಕ್ರೂಗಳು, ಒಂದಿಷ್ಟು ವಾಷರು, ಮೂಲೆಯಲ್ಲಿ ಬಾಗಿಸಿದ ಕಡ್ಡಿಯಂಥ ಪುಟ್ಟದೊಂದು ಕೀಲಿ. ಟೀವಿಯನ್ನು ಗೋಡೆಗೆ ಹಾಕುವ ಬ್ರಾಕೆಟ್ಟಿನ ಜೊತೆ ಬಂದವು ಇವು. ಯಾರ ಮನೆಯಲ್ಲಿ ಯಾವ ಟೀವಿ ಇರುತ್ತದೋ ಏನೋ, ಎಲ್ಲದಕ್ಕೂ ಹೊಂದಲಿ ಎಂದು ಕಂಪನಿಯವರು ಹಿಡಿ ತುಂಬ ಸ್ಕ್ರೂ ಹಾಕಿ ಕಳಿಸುತ್ತಾರೆ. ನಮ್ಮ ಟೀವಿಗೆ ಬೇಕಾದದ್ದು ನಾಲ್ಕೇ. ಮಿಕ್ಕಿದ್ದನ್ನು ಅಪ್ಪ ಎಸೆಯಲಿಲ್ಲ. ರಾಜಾಜಿನಗರದ ಮನೆ ಖಾಲಿ ಮಾಡುವಾಗ ಬ್ರಾಕೆಟ್ಟು ಅಲ್ಲೇ ಉಳಿಯಿತು, ಅದರ ಮಿಕ್ಕ ಸ್ಕ್ರೂಗಳು ಮಾತ್ರ ನಮ್ಮ ಜೊತೆ ಬೆಂಗಳೂರಿನ ಅಂಚಿನ ಈ ಉಳ್ಳಾಲಕ್ಕೆ ಬಂದವು.

ನನಗೆ ದಿನಚರಿ ಬರೆಯುವ ಚಟವಿದೆ. ಮನಸ್ಸಿನಲ್ಲಿದ್ದದ್ದನ್ನು ತೋಡಿಕೊಳ್ಳುವ ದಿನಚರಿ ಎಂದುಕೊಳ್ಳಬೇಡಿ. ಹಾಲಿನವನು ಬಾರದ ದಿನ, ಕಾವೇರಿ ನೀರು ಬಂದ ಹೊತ್ತು, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ತಾರೀಖು, ಇಂಥವೇ. ವಿಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಟ್ಯೂಬುಗಳಿಗೆ ಹೆಸರು, ತಾರೀಖು, ಹೊತ್ತು ಅಂಟಿಸುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. "ಇವಳ ಡೈರಿ ಯಾರಾದ್ರೂ ಕದ್ದು ಓದಿದ್ರೆ ಪಾಪ, ಎರಡನೇ ಪುಟಕ್ಕೇ ನಿದ್ದೆ ಹೋಗ್ತಾರೆ" ಎನ್ನುತ್ತಾಳೆ ಅಮ್ಮ. ಟೀವಿ ಬ್ರಾಕೆಟ್ಟಿನ ಬಗ್ಗೆ ಮೂರು ಪುಟ ಬರೆದಿದ್ದೇನೆ ಎಂದರೆ ಅವಳು ನಗುತ್ತಾಳೆ. ಮೊದಲು ನಾನೂ ನಗುತ್ತಿದ್ದೆ.

ನೀವು ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಾದರೆ ಮೊಳೆಯ ವಿಷಯ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸ್ವಂತ ಮನೆಯವರಿಗಾಗಿ ಹೇಳುತ್ತೇನೆ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ನಾವು ರಾಜಾಜಿನಗರದ ಆ ಮನೆಯ ಕೆಳಗಿನ ಭಾಗಕ್ಕೆ ಬಾಡಿಗೆಗೆ ಹೋದೆವು. ಮೇಲೆ ಓನರ್ ಅಂಕಲ್, ಓನರ್ ಆಂಟಿ, ಅವರ ಮಗ ಹರ್ಷ. ಅಂಕಲ್ ಕೀ ಕೊಡುವ ಮೊದಲು ಅಪ್ಪನನ್ನು ಹಾಲ್‌ನ ನಡುವೆ ನಿಲ್ಲಿಸಿಕೊಂಡು ಹೇಳಿದರಂತೆ:

"ನೋಡಿ ನಂಜುಂಡಪ್ಪ, ನೀರು ಬಳಸಿ, ನೆಂಟರು ಬರ್ಲಿ, ನಂದೇನೂ ತಕರಾರಿಲ್ಲ. ಗೋಡೆಗೆ ಮಾತ್ರ ಮೊಳೆ ಹೊಡೀಬಾರ್ದು. ಇರೋ ಮೊಳೆ ಬೇಕಾದ್ರೆ ಬಳಸ್ಕೊಳಿ."

ಇದ್ದದ್ದು ಮೂರು ಮೊಳೆ. ಹಿಂದೆ ಇದ್ದವರು ಯಾವಾಗಲೋ ಕದ್ದು ಹೊಡೆದವು. ಅವುಗಳಲ್ಲಿ ಒಂದು ಅಡುಗೆಮನೆ ಬಾಗಿಲಿನ ಮೇಲೆ, ಸೂರಿಗೆ ತಾಗುವಷ್ಟು ಎತ್ತರದಲ್ಲಿತ್ತು. ಅಷ್ಟು ಎತ್ತರದಲ್ಲಿ ಅವರು ಏನು ತೂಗುಹಾಕಿದ್ದರೋ ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಬಚ್ಚಲ ಪಕ್ಕದ್ದು ಅಪ್ಪನ ಅಂಗಿಗೆ ಮೀಸಲಾಯಿತು. ಹಾಲಿನ ಮೊಳೆಗಾಗಿ ಮನೆಯಲ್ಲಿ ಒಂದು ವಾರ ಜಗಳ ನಡೆಯಿತು. ಅಮ್ಮನಿಗೆ ಅಲ್ಲಿ ಮದುವೆ ಫೋಟೊ ಬೇಕು, ಅಪ್ಪನಿಗೆ ಕ್ಯಾಲೆಂಡರ್ ಬೇಕು. ಕೊನೆಗೆ ಗೆದ್ದದ್ದು ಕನ್ನಡಿ; ತಲೆ ಬಾಚಿಕೊಳ್ಳುವುದು ಮೂವರಿಗೂ ಬೇಕಲ್ಲ. ಕ್ಯಾಲೆಂಡರ್ ಕಿಟಕಿಯ ಸರಳಿಗೆ ಹೋಯಿತು. ಗಾಳಿ ಬಂದಾಗಲೆಲ್ಲ ಅದು ಹಾಳೆ ತಿರುವಿಕೊಂಡು ತನಗೆ ಇಷ್ಟವಾದ ತಿಂಗಳನ್ನು ತೋರಿಸುತ್ತಿತ್ತು. ಮದುವೆ ಫೋಟೊ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತು. ನಮ್ಮ ಅಪ್ಪ ಅಮ್ಮನ ಮದುವೆಗೆ ನನ್ನ ಮಟ್ಟಿಗೆ ಇವತ್ತಿಗೂ ನುಸಿಗುಳಿಗೆಯ ವಾಸನೆ.

ಅಪ್ಪ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದರು. ಬಹಳ ವರ್ಷ ಕೆಲಸ ಮಾಡಿದ್ದಕ್ಕೆಂದು ಒಮ್ಮೆ ಅವರಿಗೆ ಗೋಡೆ ಗಡಿಯಾರ ಕೊಟ್ಟರು. ಗೋಡೆಯನ್ನೇ ಕಾಣದ ಗೋಡೆ ಗಡಿಯಾರ ಅದು. ಫ್ರಿಜ್ಜಿನ ಮೇಲೆ ಒರಗಿ ಕೂತಿರುತ್ತಿತ್ತು. ಫ್ರಿಜ್ಜಿನ ಮೋಟಾರು ಶುರುವಾದರೆ ಅದೂ ನಡುಗುತ್ತ ಮೆಲ್ಲಗೆ ಮುಂದಕ್ಕೆ ಜಾರುತ್ತಿತ್ತು. ಶಾಲೆಗೆ ಹೊರಡುವಾಗ ಗಂಟೆ ನೋಡುವುದು, ಗಡಿಯಾರವನ್ನು ಹಿಂದಕ್ಕೆ ತಳ್ಳುವುದು ಎರಡೂ ನನ್ನ ಕೆಲಸ. ದೇವರ ಫೋಟೊಗಳೂ ಅಷ್ಟೆ, ಶೆಲ್ಫಿನ ಒಂದೇ ಹಲಗೆಯ ಮೇಲೆ ಬೆಳಗಿನ ಬಸ್ಸಿನಲ್ಲಿ ನಿಂತವರ ಹಾಗೆ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿದ್ದವು.

ಒಮ್ಮೆ ನಾನು ಬಿಡಿಸಿದ ನವಿಲಿನ ಚಿತ್ರವನ್ನು ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸಿದ್ದೆ. ಮೊಳೆಯಲ್ಲವಲ್ಲ ಎಂಬುದು ನನ್ನ ವಾದ. ಬೆಳಗಾಗುವುದರಲ್ಲಿ ಜಿರಲೆ ನವಿಲಿನ ಕುತ್ತಿಗೆ ತಿಂದಿತ್ತು. ಅಮ್ಮ ಒದ್ದೆ ಬಟ್ಟೆಯಲ್ಲಿ ಉಜ್ಜಿದ್ದಕ್ಕೆ ಸುಣ್ಣವೂ ಕಿತ್ತು ಬಂದು, ಅಂಗೈಯಗಲ ಬೇರೆ ಬಣ್ಣದ ಕಲೆ ಉಳಿಯಿತು. ಆ ಕಲೆಯನ್ನು ಮರೆಮಾಡಲೆಂದೇ ನಮ್ಮ ಟೀವಿ ಟ್ರಾಲಿ ವರ್ಷಗಟ್ಟಲೆ ಅಲ್ಲಿ ನಿಂತಿತು. ಟೀವಿ ಎಲ್ಲಿರಬೇಕೆಂದು ನಮ್ಮ ಮನೆಯಲ್ಲಿ ನಿರ್ಧರಿಸಿದ್ದು ಜಿರಲೆ.

ಓನರ್ ಆಂಟಿಗೆ ಸುತ್ತಿಗೆಯ ಸದ್ದು ಮೂರು ಮನೆ ಆಚೆಯಿಂದಲೂ ಕೇಳುತ್ತಿತ್ತು. ಬೀದಿಯಲ್ಲಿ ಯಾರೇ ಟಕಟಕ ಅನ್ನಿಸಿದರೂ ಮಹಡಿಯಿಂದ ಬಗ್ಗಿ, "ಸರೋಜಾ, ಏನೇ ಸದ್ದು ಅದು?" ಎಂದು ನನ್ನ ಅಮ್ಮನನ್ನು ಕೇಳುತ್ತಿದ್ದರು. ಒಂದು ಬೆಳಿಗ್ಗೆ ಅಮ್ಮ ಕುಟ್ಟಾಣಿಯಲ್ಲಿ ಶುಂಠಿ ಜಜ್ಜುತ್ತಿದ್ದಾಗ ಆಂಟಿ ಮೆಟ್ಟಿಲಿಳಿದೇ ಬಂದರು. ಒಳಗೆ ಬಂದು, ಗೋಡೆಗಳನ್ನೆಲ್ಲ ನೋಡಿ, ಶುಂಠಿ ನೋಡಿ, "ನಾನೇನೋ ಅಂದ್ಕೊಂಡೆ ಕಣೆ" ಎಂದು ನಕ್ಕು, ಕಾಫಿ ಕುಡಿದು ಹೋದರು. ಅವತ್ತಿನಿಂದ ಅಮ್ಮ ಕುಟ್ಟಾಣಿಯ ಅಡಿಗೆ ಟವೆಲ್ ಮಡಿಸಿ ಇಟ್ಟುಕೊಳ್ಳತೊಡಗಿದಳು. ಇದನ್ನೆಲ್ಲ ನಾವು ಅವಮಾನ ಎಂದುಕೊಂಡಿರಲಿಲ್ಲ. ಬಾಡಿಗೆ ಮನೆಯೆಂದರೆ ಹೀಗೇ ಎಂದುಕೊಂಡಿದ್ದೆವು. ಆಂಟಿ ಒಳ್ಳೆಯವರು, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ, ನನಗೆ ಜ್ವರ ಬಂದಾಗ ರಸಂ ಮಾಡಿ ಕೊಟ್ಟವರು. ಅಂಕಲ್ ತೀರಿಕೊಂಡಾಗ ಅಪ್ಪ ರಜೆ ಹಾಕಿ ಹನ್ನೊಂದು ದಿನವೂ ಮಗನ ಹಾಗೆ ಓಡಾಡಿದ್ದರು.

ಅಪ್ಪನ ರಿಟೈರ್‌ಮೆಂಟಿಗೆ ವಿಭಾಗದವರು ಸೇರಿ ಕೊಟ್ಟದ್ದು ಐವತ್ತೈದು ಇಂಚಿನ ಟೀವಿ. ಹಿಂದೆಲ್ಲ ಉಂಗುರವೋ ಬೆಳ್ಳಿ ತಟ್ಟೆಯೋ ಕೊಡುತ್ತಿದ್ದರಂತೆ. ಈಗ ಟೀವಿಯ ಕಾಲ. ಆಟೋದಲ್ಲಿ ಹಿಡಿಸದೆ ಸಾಮಾನಿನ ಟೆಂಪೋದಲ್ಲಿ ಬಂತು. ಜೊತೆಗೆ ಬಂದ ನಾಲ್ಕು ಜನ ಹಾಲ್‌ನಲ್ಲಿ ಕೂತು ಕಾಫಿ ಕುಡಿಯುತ್ತ, "ನಂಜುಂಡಪ್ಪ, ಗೋಡೆಗೆ ಹಾಕ್ಸಿ ಫೋನ್ ಮಾಡು ಮಾರಾಯ, ಮ್ಯಾಚ್ ನೋಡಕ್ಕೆ ಬರ್ತೀವಿ. ರಿಟೈರ್ ಆದೆ ಅಂತ ತಪ್ಪಿಸ್ಕೊಬೇಡ" ಎಂದರು. ಅಪ್ಪ ಮಗುವಿನ ಹಾಗೆ ತಲೆಯಾಡಿಸಿದರು.

ಅವರು ಹೋದ ಮೇಲೆ ನಮಗೆ ತಿಳಿದದ್ದು, ಟೀವಿ ಇಡಲು ನಮ್ಮ ಮನೆಯಲ್ಲಿ ಜಾಗವಿಲ್ಲ. ಈ ಹೊಸ ಟೀವಿಗಳಿಗೆ ಎರಡು ಕಾಲು, ಅದೂ ಎರಡು ತುದಿಗೆ. ನಮ್ಮ ಟ್ರಾಲಿ ಡಬ್ಬಾ ಟೀವಿಯ ಕಾಲದ್ದು. ಟೀವಿಯ ಒಂದು ಕಾಲು ಟ್ರಾಲಿಯ ಮೇಲಿದ್ದರೆ ಇನ್ನೊಂದು ಗಾಳಿಯಲ್ಲಿ. ಅಗಲದ ಮೇಜು ತಂದರೆ ದಿವಾನ ಹೊರಗೆ ಹೋಗಬೇಕು. ದಿವಾನ ಹೋದರೆ ಅಪ್ಪ ಮಲಗುವುದೆಲ್ಲಿ? ಹಾಗಾಗಿ ಟೀವಿ ಪೆಟ್ಟಿಗೆಯಲ್ಲೇ ಗೋಡೆಗೆ ಒರಗಿ ನಿಂತಿತು. ಅಮ್ಮ ಅದರ ಮೇಲೊಂದು ಬೆಡ್‌ಶೀಟ್ ಹೊದಿಸಿ, ಮಡಿಸಿದ ಬಟ್ಟೆ ಇಡತೊಡಗಿದಳು. ಗೆಳೆಯರ ಫೋನ್ ಬಂದರೆ ಅಪ್ಪ ಹೊರಗೆ ಹೋಗಿ ಮಾತಾಡುತ್ತಿದ್ದರು. "ಹಾಕಿಸ್ತಾ ಇದೀನಿ, ಈ ವಾರ" ಎನ್ನುವುದು ಒಳಗಿದ್ದ ನಮಗೂ ಕೇಳುತ್ತಿತ್ತು.

ಬ್ರಾಕೆಟ್ ಆರಿಸುವ ಕೆಲಸ ನಾನು ಹೊತ್ತುಕೊಂಡೆ. ಗೋಡೆಗೆ ಹಾಕುವುದೆಂದರೆ ಒಂದು ಮೊಳೆ ಹೊಡೆದು ನೇತುಹಾಕುವುದು ಎಂದಷ್ಟೇ ನೀವು ತಿಳಿದಿದ್ದರೆ, ನಾನೂ ಹಾಗೇ ತಿಳಿದಿದ್ದೆ. ಅದರಲ್ಲಿ ಮೂರು ಜಾತಿ. ಒಂದು ಗೋಡೆಗೆ ಅಂಟಿಕೊಂಡು ಅಲ್ಲಾಡದೆ ಇರುವುದು. ಇನ್ನೊಂದು ತಲೆ ತಗ್ಗಿಸುವುದು, ಎತ್ತರದಲ್ಲಿ ಹಾಕುವವರಿಗೆ. ಮೂರನೆಯದು ತೋಳಿನದ್ದು, ಮಡಿಸಿದರೆ ಗೋಡೆಗೆ ಸೇರಿಕೊಳ್ಳುತ್ತದೆ, ಎಳೆದರೆ ಮುಂದೆ ಬರುತ್ತದೆ, ಎಡಕ್ಕೂ ಬಲಕ್ಕೂ ತಿರುಗುತ್ತದೆ. ನಾನು ಗೆರೆ ಹಾಕಿ ಪಟ್ಟಿ ಮಾಡಿದೆ. ಮನೆಯಲ್ಲಿ ಇಂಥ ಪಟ್ಟಿಗಳಿಗೆ ಮರ್ಯಾದೆಯಿಲ್ಲ. ಆದರೆ ಅವತ್ತು ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ತೋಳಿಂದೇ ಇರ್ಲಿ ಪುಟ್ಟಿ" ಎಂದರು. ಸಂಜೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಹಾಲಿಗೆ ಬಡಿಯುತ್ತದೆ, ತಿರುಗದ ಟೀವಿಯಲ್ಲಿ ಕಿಟಕಿಯೇ ಕಾಣುತ್ತದೆ ಎಂಬುದು ಒಂದು ಕಾರಣ. ಇನ್ನೊಂದನ್ನು ಅವರು ಅಡುಗೆಮನೆಯ ಕಡೆ ನೋಡುತ್ತ ದನಿ ಇಳಿಸಿ ಹೇಳಿದರು. "ನಿಮ್ಮಮ್ಮ ಇಷ್ಟು ವರ್ಷ ಸೀರಿಯಲ್ ಕೇಳಿದಾಳೆ, ನೋಡಿಲ್ಲ. ಚಪಾತಿ ಲಟ್ಟಿಸ್ತಾ ಕೇಳೋದೇ ಆಯ್ತು. ಆ ಕಡೆ ತಿರುಗ್ಸಿದ್ರೆ ಅವಳಿಗೂ ಕಾಣತ್ತೆ."

ಮಾರೇನಹಳ್ಳಿಯ ಅಂಗಡಿಗೆ ನಾನೂ ಅಪ್ಪನೂ ಹೋದೆವು. ಅಂಗಡಿಯವರು ನಮ್ಮ ಮುಖ ನೋಡದೆ ಕೇಳಿದರು.

"ಟೀವಿ ಹಿಂದುಗಡೆ ತೂತು ಇರತ್ತಲ್ಲ, ಅಳತೆ ತಂದಿದೀರಾ?"

ನಾನು ಚೀಟಿ ಕೊಟ್ಟೆ. ಅಡ್ಡ ಎಷ್ಟು, ಉದ್ದ ಎಷ್ಟು, ಟೀವಿಯ ತೂಕ ಎಷ್ಟು. ಅವರು ಆಗ ತಲೆಯೆತ್ತಿದರು.

"ಮೇಡಂ, ಈ ಅಂಗಡೀಲಿ ಅಳತೆ ತಂದ ಗಿರಾಕಿ ನೀವೇ ಮೊದ್ಲು. ಎಲ್ರೂ ಹಿಂಗೆ ಕೈ ಅಗಲಿಸಿ ತೋರಿಸ್ತಾರೆ." ಆಮೇಲೆ ಅಪ್ಪನ ಕಡೆ ತಿರುಗಿ, "ಗೋಡೆ ಒಂಬತ್ತಿಂಚೋ ನಾಲ್ಕೂವರೆನೋ ಸಾರ್? ತೋಳಿಂದು ಅಂದ್ರೆ ಟೀವಿ ಮುಂದೆ ಬಂದು ನಿಲ್ಲತ್ತೆ, ಎಳೀತಾನೇ ಇರತ್ತೆ. ತೆಳು ಗೋಡೆ ತಡೆಯಲ್ಲ."

"ಒಂಬತ್ತಿಂಚೇ. ಮೆಟ್ಟಿಲ ಪಕ್ಕದ ಗೋಡೆ."

"ಸ್ವಂತ ಮನೇನಾ, ಬಾಡಿಗೇನಾ?"

"ಬಾಡಿಗೆ. ಆದ್ರೆ ಸ್ವಂತದ್ದಿದ್ದ ಹಂಗೇ."

"ಹಂಗಿದ್ರೆ ಓನರ್ ಕೇಳ್ಕೊಂಡೇ ಬನ್ನಿ ಸಾರ್. ನಮ್ಮಲ್ಲಿ ವಾಪಸ್ ತಗೊಳಲ್ಲ."

ಓನರನ್ನು ಕೇಳದೆ ಹಾಕುವ ಯೋಚನೆ ಅಪ್ಪನಿಗೆ ಕನಸಿನಲ್ಲೂ ಇರಲಿಲ್ಲ. ಆ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಡಬ್ಬ ಮೈಸೂರು ಪಾಕ್ ಹಿಡಿದು ನಾವಿಬ್ಬರೂ ಮೆಟ್ಟಿಲು ಹತ್ತಿದೆವು. ಆಂಟಿ ಕೂರಿಸಿ ಕಾಫಿ ಕೊಟ್ಟರು. ಹರ್ಷ ಲ್ಯಾಪ್‌ಟಾಪ್ ಮುಚ್ಚಿ ಪಕ್ಕದಲ್ಲಿ ಕೂತ. ಚಿಕ್ಕಂದಿನಲ್ಲಿ ನನ್ನ ಜೊತೆ ಇದೇ ಮೆಟ್ಟಿಲ ಮೇಲೆ ಚೌಕಾಬಾರ ಆಡಿ, ಸೋತಾಗ ಕವಡೆ ಎಸೆದು ಎದ್ದು ಹೋಗುತ್ತಿದ್ದವನು. ಈಗ ಬ್ಯಾಂಕಿನಲ್ಲಿ ದೊಡ್ಡ ಕೆಲಸ.

ಅಪ್ಪ ಟೀವಿಯ ಕತೆ ಹೇಳಿದರು. ಆಂಟಿ ಕೇಳಿದ್ದು ಒಂದೇ ಪ್ರಶ್ನೆ.

"ಗೋಡೆ ಏನಾಗತ್ತೆ ನಂಜುಂಡಪ್ನೋರೆ? ನಾಳೆ ನೀವು ಬಿಚ್ಚಿಕೊಂಡು ಹೋದ್ರೆ ತೂತು ಹಂಗೇ ಉಳಿಯತ್ತಲ್ವಾ?"

ಆಂಟಿಯ ಚಿಂತೆ ತೂತಿನದು ಎಂದು ಅಪ್ಪ ನಂಬಿದರು. ಬಾಡಿಗೆಯವನಿಗೆ ಓನರಿನ ಭಯಗಳಲ್ಲಿ ಅದೊಂದೇ ಗೊತ್ತು. ಆ ಭಯ ಕಳೆಯಬೇಕೆಂದು ತುಂಬು ಮನಸ್ಸಿನಿಂದ ಹೇಳಿದರು:

"ಬಿಚ್ಚೋ ಪ್ರಶ್ನೆನೇ ಇಲ್ಲ ಅಮ್ಮಾವ್ರೆ. ನಾವಿನ್ನು ಎಲ್ಲಿಗೆ ಹೋಗ್ತೀವಿ? ನಂದೂ ರಿಟೈರ್ ಆಯ್ತು. ಕೊನೇತನಕ ಇದೇ ಮನೆ. ಒಂದ್ಸಲ ಹಾಕಿದ್ರೆ ಹಾಕಿದ ಹಂಗೇ."

ನಾನೂ ಸುಮ್ಮನಿರಲಿಲ್ಲ, ಪಟ್ಟಿ ಮಾಡುವಾಗ ಕಲಿತ ವಿದ್ಯೆಯನ್ನು ತೋರಿಸಿದೆ. ಬೋಲ್ಟು ಗೋಡೆಯೊಳಗೆ ಹೋದ ಮೇಲೆ ಅಗಲವಾಗುತ್ತದೆ, ಎಷ್ಟು ಎಳೆದರೂ ಈಚೆ ಬರುವುದಿಲ್ಲ ಎಂದು ಕೈಬೆರಳು ಬಿಡಿಸಿ ವಿವರಿಸಿದೆ.

ಹರ್ಷ ಕಾಫಿ ಲೋಟ ಕೆಳಗಿಟ್ಟ. "ಅಂದ್ರೆ ಪರ್ಮನೆಂಟು ಅನ್ನಿ ಅಂಕಲ್."

"ಹೂಂ ಕಣಪ್ಪ, ಪರ್ಮನೆಂಟು" ಎಂದರು ಅಪ್ಪ, ಸಂತೋಷದಿಂದ.

ತಾಯಿಯೂ ಮಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆಂಟಿ, "ಹಾಕ್ಕೊಳಿ ಬಿಡಿ, ನೀವೇನು ಬೇರೆಯವ್ರಾ" ಎಂದರು. ಅಪ್ಪ ಮೆಟ್ಟಿಲಿಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು. "ನೋಡಿದ್ಯಾ ಪುಟ್ಟಿ? ಕೇಳೋ ರೀತೀಲಿ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ."

ಡ್ರಿಲ್ಲಿಂಗ್ ಮಾಡುವವರು ಬಂದ ದಿನ ನಮ್ಮ ಮನೆಯಲ್ಲಿ ಒಂದು ಬಗೆಯ ಗೃಹಪ್ರವೇಶ. ಮಷೀನು ಗೋಡೆಗೆ ತಾಗಿದಾಗ ಅಪ್ಪ ಕಣ್ಣು ಮುಚ್ಚಿಕೊಂಡರು. ಅಮ್ಮ ಪೇಪರನ್ನು ದೊನ್ನೆಯ ಹಾಗೆ ಮಡಿಸಿ ತೂತಿನ ಕೆಳಗೆ ಹಿಡಿದಿದ್ದಳು. ಕೆಂಪು ಇಟ್ಟಿಗೆಯ ಪುಡಿ ಅದರೊಳಗೆ ಮೆಣಸಿನಪುಡಿಯ ಹಾಗೆ ಬೀಳುತ್ತಿತ್ತು. ನಾವು ಮೂವರೂ ನಡುನಡುವೆ ಸೂರಿನ ಕಡೆ ನೋಡುತ್ತಿದ್ದೆವು. ಆ ಸದ್ದಿಗೆ ಇಡೀ ಬೀದಿ ಅದುರುತ್ತಿತ್ತು, ಮಹಡಿಯಿಂದ ಮಾತ್ರ ಯಾರೂ ಬಗ್ಗಿ ಕೇಳಲಿಲ್ಲ. ಶುಂಠಿ ಜಜ್ಜಿದ್ದಕ್ಕೆ ಇಳಿದು ಬಂದವರು ಇವತ್ತು ಸುಮ್ಮನಿದ್ದಾರೆಂದರೆ ಅದೆಷ್ಟು ವಿಶ್ವಾಸ ಎಂದು ಅಪ್ಪ ಕರಗಿಹೋದರು. ಆ ಮೌನದೊಳಗೆ ಏನು ನಡೆಯುತ್ತಿತ್ತೆಂದು ಈಗ ನನಗೆ ಗೊತ್ತು.

ಟೀವಿ ಗೋಡೆ ಏರಿದ ಸಂಜೆ ಅಮ್ಮ ಒಂದೇ ಬೆರಳಲ್ಲಿ ಅದನ್ನು ಅಡುಗೆಮನೆಯ ಕಡೆ ತಿರುಗಿಸಿಕೊಂಡಳು. ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದಳು.

"ಇವಳೇನಾ ಆ ಅತ್ತೆ? ದನಿ ಕೇಳಿ ದಪ್ಪಗಿದಾಳೆ ಅಂದ್ಕೊಂಡಿದ್ದೆ ನಾನು."

"ಇಷ್ಟು ದಿನ ಬೈದದ್ದು ಬೇರೆ ಯಾರಿಗೋ ಹಂಗಾದ್ರೆ" ಎಂದರು ಅಪ್ಪ.

"ನಿಮ್ಮಕ್ಕನ್ನ ನೆನೆಸ್ಕೊಂಡು ಬೈತಿದ್ದೆ ಬಿಡಿ."

ಒಂದು ಭಾನುವಾರ ಕಾರ್ಖಾನೆಯ ಗೆಳೆಯರೂ ಬಂದರು. ದಿವಾನದ ಮೇಲೆ, ನೆಲದ ಮೇಲೆ ಕೂತು ಮ್ಯಾಚ್ ನೋಡಿದರು. ಬೋಂಡಾ ಸಾಲದೆ ಅಮ್ಮ ಮತ್ತೆ ಹಿಟ್ಟು ಕಲಸಿದಳು. ಅಪ್ಪ ಮ್ಯಾಚಿಗಿಂತ ಹೆಚ್ಚಾಗಿ ಬಂದವರ ಮುಖಗಳನ್ನೇ ನೋಡುತ್ತಿದ್ದರು. ಅಷ್ಟೇ. ಇನ್ನೊಂದು ಮ್ಯಾಚಿಗೆ ನಾವು ಆ ಮನೆಯಲ್ಲಿರಲಿಲ್ಲ.

ಹರ್ಷ ಕೆಳಗೆ ಬಂದದ್ದು ಅದಾದ ಮುಂದಿನ ವಾರ. ಚಪ್ಪಲಿ ಬಿಟ್ಟು, ನಗುತ್ತಲೇ ಬಂದ. ಕೈಯಲ್ಲಿ ಅವರಪ್ಪ ಬದುಕಿದ್ದಾಗ ಮಾಡಿದ ಹಳೆಯ ಕರಾರಿನ ಜೆರಾಕ್ಸ್ ಇತ್ತು. ಈ ಊರಿನಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಅವಧಿ ಮುಗಿದಾಗಲೆಲ್ಲ ಹೊಸದು ಬರೆಸಬೇಕು. ನಮ್ಮ ವಿಷಯದಲ್ಲಿ ಅಂಕಲ್ ಒಂದು ಹಂತದಲ್ಲಿ ಬರೆಸುವುದನ್ನೇ ಬಿಟ್ಟಿದ್ದರು. "ನಿಮಗೆಂಥ ಪೇಪರ್ರು" ಎಂದಿದ್ದರಂತೆ. ಅಪ್ಪ ಆ ಮಾತನ್ನು ಬಿರುದಿನ ಹಾಗೆ ನಾಲ್ಕು ಜನರಿಗೆ ಹೇಳಿಕೊಂಡು ಓಡಾಡಿದ್ದರು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಮನೆ ರಿಪೇರಿ ಮಾಡಿಸ್ಬೇಕು. ಎರಡು ತಿಂಗಳು ಟೈಮ್ ತಗೊಳಿ, ಆರಾಮಾಗಿ ಬೇರೆ ಕಡೆ ನೋಡ್ಕೊಳಿ."

"ಏನಾದ್ರೂ ತಪ್ಪಾಯ್ತೇನಪ್ಪ?"

"ಛೆ ಛೆ, ಅಂಥದ್ದೇನಿಲ್ಲ."

"ರಿಪೇರಿ ನಡೀಲಿ, ನಾವು ಒಂದು ರೂಮಲ್ಲಿ ಹೊಂದ್ಕೋತೀವಿ. ಧೂಳಿಗೆಲ್ಲ ನಾವು ಏನೂ ಅನ್ನಲ್ಲ."

"ಇಲ್ಲ ಅಂಕಲ್, ಪೂರ್ತಿ ಖಾಲಿ ಬೇಕು" ಎಂದ. ಹೊರಡುವವನು ಟೀವಿಯ ಮುಂದೆ ನಿಂತು, ಹಿಂದಿನ ತೋಳನ್ನು ಬಗ್ಗಿ ನೋಡಿದ. "ಹೋಗೋವಾಗ ಇದನ್ನ ಬಿಚ್ಚಬೇಡಿ. ಪ್ಲಾಸ್ಟರ್ ಕಿತ್ಕೊಂಡು ಬರತ್ತೆ."

ನಿಜವಾದ ಕಾರಣ ಬಂದದ್ದು ಆಂಟಿಯ ಬಾಯಿಂದ, ಅಮ್ಮ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ. ಆಂಟಿ ಕ್ಲಿಪ್ ಎತ್ತಿ ಕೊಡುತ್ತ ಹೇಳಿದರಂತೆ: "ನಂಗೇನಿಲ್ಲ ಕಣೆ ಸರೋಜಾ. ಹರ್ಷಂಗೆ ಭಯ. ನಿಮ್ಮೆಜಮಾನ್ರು ಕೊನೇತನಕ ಇದೇ ಮನೆ ಅಂದ್ರಲ್ಲ. ಅವನ ಫ್ರೆಂಡ್ ಮನೇಲಿ ಹಳೇ ಬಾಡಿಗೆಯವ್ರು ಹಿಂಗೇ ಅಂತಂತ ಕೋರ್ಟಿಗೆ ಹೋಗ್ಬಿಟ್ರಂತೆ. ನೀವು ಹಂಗಲ್ಲ, ನಂಗೊತ್ತು. ಆದ್ರೂ ಈಗಿನ ಹುಡುಗರು."

ಅಮ್ಮ ಇದನ್ನು ಅಪ್ಪನಿಗೆ ಹೇಳಬಾರದಿತ್ತು. ಹೇಳಿದಳು. ಅಪ್ಪ ಜಗಳಕ್ಕೆ ಹೋಗಲಿಲ್ಲ. ಹಲ್ಲುಜ್ಜುವಾಗ, ಸೊಪ್ಪು ಬಿಡಿಸುವಾಗ, ಇದ್ದಕ್ಕಿದ್ದ ಹಾಗೆ ನಿಲ್ಲಿಸಿ ಕೇಳುತ್ತಿದ್ದರು: "ಪುಟ್ಟಿ, ನಾನು ಅವತ್ತು ಸರಿಯಾಗಿ ಏನಂದೆ?" ನಾನು ಹೇಳುತ್ತಿದ್ದೆ. ಅವರು ಆ ಮಾತನ್ನು ತಾವೇ ಒಮ್ಮೆ ಮೆಲ್ಲಗೆ ಅಂದು ನೋಡಿ, ಅದರಲ್ಲಿ ಕೋರ್ಟು ಎಲ್ಲಿದೆ ಎಂದು ಹುಡುಕುತ್ತಿದ್ದರು. ಮೊಳೆ ಹೊಡೆಯದೆ, ಶುಂಠಿಯ ಸದ್ದೂ ಕೇಳಿಸದ ಹಾಗೆ ಬದುಕಿದವರನ್ನು ಓನರು ಒಳ್ಳೆಯ ಬಾಡಿಗೆಯವರು ಎನ್ನುತ್ತಾರೆ. ಇದು ನನ್ನ ಮನೆ ಎಂದು ಒಂದು ಸಲ ಬಾಯಿ ಬಿಟ್ಟರೆ ಅದೇ ಜನ ಕಳ್ಳರಾಗುತ್ತಾರೆ. ನನ್ನ ಪಟ್ಟಿಯಲ್ಲಿ ಬ್ರಾಕೆಟ್ ಎಷ್ಟು ಭಾರ ತಡೆಯುತ್ತದೆ, ಎಷ್ಟು ತಿರುಗುತ್ತದೆ, ಎಲ್ಲವೂ ಇತ್ತು. ಅದನ್ನು ಗೋಡೆಗೆ ಹಾಕಿದರೆ ಓನರಿನ ಮನಸ್ಸು ಯಾವ ಕಡೆ ತಿರುಗುತ್ತದೆ ಎಂಬ ಕಾಲಮ್ಮು ಇರಲಿಲ್ಲ.

ಖಾಲಿ ಮಾಡುವ ಬೆಳಿಗ್ಗೆ, ಟೀವಿ ಇಳಿಸಿದ ಮೇಲೆ ಆ ಕಪ್ಪು ತೋಳು ಗೋಡೆಯಿಂದ ಯಾರನ್ನೋ ಕರೆಯುವ ಹಾಗೆ ಚಾಚಿಕೊಂಡಿತ್ತು. ಅಪ್ಪ ಅದನ್ನು ಹೆಗಲ ಟವೆಲಿನಿಂದ ಒರೆಸಿ, ಮಡಿಸಿ ಗೋಡೆಗೆ ಸೇರಿಸಿದರು. ಆಮೇಲೆ ಮೇಲೆ ಹೋಗಿ ಕೀ ಕೊಟ್ಟು, ಆಂಟಿಗೆ ಕೈಮುಗಿದು ಬಂದರು. ನಾನು ಹತ್ತಲಿಲ್ಲ.

ಉಳ್ಳಾಲದ ಈ ಮನೆಯ ಓನರು ಸಾಧು ಮನುಷ್ಯ. ಮೊದಲ ದಿನವೇ, "ಟೀವಿ ಎಲ್ಲಿ ಬೇಕಾದ್ರೂ ಹಾಕ್ಕೊಳಿ ಸಾರ್, ಡ್ರಿಲ್ ಮಾಡಿಸಿ, ಏನ್ ತೊಂದ್ರೆ ಇಲ್ಲ" ಎಂದರು. ಅಪ್ಪ, "ಬೇಡ ಬಿಡಿ ಸಾರ್, ಹಿಂಗೇ ಚೆನ್ನಾಗಿದೆ" ಎಂದರು. ಹೇಗೆ ಚೆನ್ನಾಗಿದೆಯೆಂದರೆ, ಟೀವಿಯ ಎಡಗಾಲು ಹಳೇ ಟ್ರಾಲಿಯ ಮೇಲೆ, ಬಲಗಾಲು ಕಬ್ಬಿಣದ ಟ್ರಂಕಿನ ಮೇಲೆ. ಟ್ರಂಕು ಗಿಡ್ಡವಾದ್ದರಿಂದ ಅದರ ಮೇಲೆ ಎರಡು ಮರದ ಹಲಗೆ. ಇಲ್ಲಿ ಅಡುಗೆಮನೆ ಹಾಲಿನ ಹಿಂದಿದೆ. ಅಮ್ಮ ಮತ್ತೆ ಸೀರಿಯಲ್ ಕೇಳುತ್ತಾಳೆ. ಗೆಳೆಯರು ಫೋನಿನಲ್ಲಿ, "ಉಳ್ಳಾಲನಾ? ಎರಡು ಬಸ್ ಬದಲಾಯಿಸ್ಬೇಕಲ್ಲಯ್ಯ" ಎನ್ನುತ್ತಾರೆ. ಅಪ್ಪ ಈಗ ಆ ಫೋನುಗಳಿಗೆ ಒಳಗೇ ಕೂತು ಉತ್ತರಿಸುತ್ತಾರೆ, ಮಾತು ಬೇಗ ಮುಗಿಯುತ್ತದೆ.

ಸ್ಕ್ರೂ ಕವರು ಸಿಕ್ಕಿದ ವಾರವೇ ಆಂಟಿಯ ಫೋನ್ ಬಂತು. ಅಪ್ಪನ ಹೆಸರಿನ ಒಂದು ವಿಮೆಯ ಕಾಗದ ಹಳೇ ವಿಳಾಸಕ್ಕೆ ಬಂದಿದೆಯಂತೆ. ಶನಿವಾರ ಲ್ಯಾಬಿನಿಂದ ನೇರ ಹೋದೆ. ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಆಂಟಿ.

"ಬಾರೆ ಪುಟ್ಟಿ. ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ನಾನೇ ಕೆಳಗೆ ಬಂದ್ಬಿಟ್ಟೆ. ಹರ್ಷ ಮೇಲಿದಾನೆ."

ರಿಪೇರಿಯೆಂದರೆ ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರು, ಅಷ್ಟೆ. ನಮ್ಮ ಬ್ರಾಕೆಟ್ಟಿನ ಮೇಲೆ ಅವರ ಟೀವಿ ಇತ್ತು. ನಮ್ಮದಕ್ಕಿಂತ ಚಿಕ್ಕದು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಆಂಟಿ ಸಂಭ್ರಮದಿಂದ ಎದ್ದು ಬಂದರು.

"ಎಷ್ಟು ಅನುಕೂಲ ಗೊತ್ತಾ? ಮಂಚದ ಕಡೆ ಬೇಕಾದ್ರೆ ಮಂಚದ ಕಡೆ, ಅಡುಗೆಮನೆ ಕಡೆ ಬೇಕಾದ್ರೆ ಅಡುಗೆಮನೆ ಕಡೆ. ನಿಮ್ಮಪ್ಪ ಏನೇ ಮಾಡಿಸ್ಲಿ, ಅಚ್ಚುಕಟ್ಟು." ಅವರು ಟೀವಿಯನ್ನು ಹಿಡಿದು ತಿರುಗಿಸಿದರು. ತೋಳಿನ ಕೀಲು ಕಿರ್ರೆಂದಿತು. "ಸ್ವಲ್ಪ ಸದ್ದು ಮಾಡತ್ತೆ, ಅದೊಂದೇ. ಅವ್ರಂಥ ಬಾಡಿಗೆಯವ್ರು ನಮಗೆ ಇನ್ನು ಸಿಗಲ್ಲ ಬಿಡು."

ಅವರು ಅದನ್ನು ಮನಸಾರೆ ಹೇಳಿದರು. ನನಗೆ ತಡೆಯಲಾಗದ್ದು ಅದೇ. ಸುಳ್ಳಿಗೆ ಹೇಳಿದ್ದರೆ ಬೈದುಕೊಂಡಾದರೂ ಬರಬಹುದಿತ್ತು. ಕಾಫಿ ಬೇಡವೆಂದೆ, ಲೋಟ ಕೈಗೇ ಕೊಟ್ಟರು, ಕುಡಿದೆ. ಕಾಗದ ತೆಗೆದುಕೊಂಡು ಬಂದೆ.

ಮನೆಯಲ್ಲಿ ಅಪ್ಪ ಕಾಯುತ್ತಿದ್ದರು. ಕಾಗದ ಓದಲಿಲ್ಲ, ಪಕ್ಕಕ್ಕಿಟ್ಟರು.

"ಒಳಗೆ ಹೋ‌ಗಿದ್ಯಾ? ತೋಳು ಇದ್ಯಾ, ಬಿಚ್ಚಿಸ್ಬಿಟ್ರಾ?"

"ಇದೆ. ಅವರ ಟೀವಿ ಹಾಕ್ಕೊಂಡಿದಾರೆ."

ಅಪ್ಪ ಸಿಟ್ಟಾಗುತ್ತಾರೆ, ಈಗಲಾದರೂ ಒಂದು ಮಾತು ಆಡುತ್ತಾರೆ ಎಂದು ನಾನು ಚಪ್ಪಲಿ ಕಳಚದೆ ನಿಂತೇ ಇದ್ದೆ.

"ಚೆನ್ನಾಗಿ ತಿರುಗತ್ತಾ?"

"ತಿರುಗತ್ತೆ. ಕಿರ್ ಅನ್ನತ್ತೆ."

"ಅಯ್ಯೋ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡ್ಬೇಕು ಕಣಮ್ಮ ಆಗಾಗ. ಹೊಲಿಗೆ ಮಷೀನ್ ಎಣ್ಣೆ ಆದ್ರೂ ಸಾಕು. ಇಲ್ದಿದ್ರೆ ತುಕ್ಕು ಹಿಡಿದು ಕೂತ್ಕೋಬಿಡತ್ತೆ. ಹೇಳ್ಬಾರ್ದಿತ್ತಾ ಅವ್ರಿಗೆ? ಪಾಪ, ಆಯಮ್ಮಂಗೆ ಹೇಗೆ ಗೊತ್ತಾಗ್ಬೇಕು. ಫೋನ್ ಮಾಡಿ ಹೇಳು."

"ಹೇಳ್ತೀನಿ ಬಿಡಪ್ಪ" ಎಂದೆ.

ಹೇಳುವುದಿಲ್ಲ. ತುಕ್ಕು ಹಿಡಿಯಲಿ.